ನಿಂತ್ಕೊಂಡ್ರೆ ಬೈತೀರಲ್ಲ ಸರ್

ನಮ್ಮ ಕಡೆ ಬೀದಿ ಫುಟ್‌ಬಾಲಿಗೆ ಗೋಲ್‌ಪೋಸ್ಟ್ ಅಂದರೆ ಎರಡು ಜೊತೆ ಚಪ್ಪಲಿ. ಹತ್ತಿರದಲ್ಲಿ ಯಾರಾದರೂ ಮನೆ ಕಟ್ಟಿಸುತ್ತಿದ್ದರೆ ಎರಡು ಸಿಮೆಂಟ್ ಬ್ಲಾಕು. ಮೇಲೆ ಅಡ್ಡಕಂಬ ಇಲ್ಲವಲ್ಲ, ಹಾಗಾಗಿ ಚೆಂಡು ಎತ್ತರಕ್ಕೆ ಹೋದಾಗಲೆಲ್ಲ ಜಗಳ. ಅದಕ್ಕೊಂದು ಕಾನೂನನ್ನು ಹುಡುಗರೇ ಮಾಡಿಕೊಂಡಿದ್ದಾರೆ: ಕೀಪರ್ ಕೈ ಎತ್ತಿದರೆ ಎಲ್ಲಿಯವರೆಗೆ ಎಟುಕುತ್ತದೋ ಅಲ್ಲಿಯವರೆಗೆ ಗೋಲು, ಅದರ ಮೇಲೆ ಹೋದರೆ ‘ಹೈ’. ಕೇಳಲಿಕ್ಕೆ ನ್ಯಾಯವಾಗಿಯೇ ಇದೆ. ಆದರೆ ಉದ್ದನೆಯ ಹುಡುಗ ನಿಂತರೆ ಗೋಲೇ ದೊಡ್ಡದಾಗುತ್ತದೆ, ಕುಳ್ಳ ನಿಂತರೆ ಚಿಕ್ಕದಾಗುತ್ತದೆ. ಅದಕ್ಕೇ ಪ್ರತಿ ತಂಡವೂ ತನ್ನಲ್ಲಿರುವ ಅತಿ ಪುಟ್ಟ ಹುಡುಗನನ್ನು ಹುಡುಕಿ ಗೋಲಿಗೆ ತಳ್ಳುತ್ತದೆ. ಅವನೂ ಜಾಣ. ಚೆಂಡು ತಲೆಯ ಮೇಲೆ ಬಂದರೆ ಕೈ ಎತ್ತುವುದೇ ಇಲ್ಲ. ಎತ್ತಿ, ಬೆರಳ ತುದಿಗೆ ತಾಗಿಬಿಟ್ಟರೆ ‘ಎಟುಕ್ತು, ಎಟುಕ್ತು, ಗೋಲು!’ ಅಂತ ಎದುರಿನವರು ಕುಣಿಯುತ್ತಾರೆ. ಕೈ ಕಟ್ಟಿಕೊಂಡು ಚೆಂಡನ್ನು ಬಿಟ್ಟವನೇ ಒಳ್ಳೆಯ ಕೀಪರ್.

ನಾಗರಬಾವಿಗೂ ಮಾಗಡಿ ರಸ್ತೆಯ ಸುಂಕದಕಟ್ಟೆಗೂ ನಡುವೆ ಇರುವ ನಮ್ಮ ಅನ್ನಪೂರ್ಣೇಶ್ವರಿ ನಗರದಲ್ಲಿ ಇಂಥ ಕಾನೂನು ಕಲಿತ ಮಕ್ಕಳಿಗೆ ಗೋಲ್‌ಕೀಪಿಂಗ್ ಹೇಳಿಕೊಡುತ್ತೇನೆ ಅಂತ ಹೊರಟವನು ನಾನು. ನಮ್ಮ ಮನೆಯ ಆಚೆ ಬೀದಿಯಲ್ಲಿ ಸಾರ್ವಜನಿಕ ಸೌಲಭ್ಯಕ್ಕೆ ಅಂತ ಬಿಟ್ಟ, ಇನ್ನೂ ಏನೂ ಕಟ್ಟದ ಒಂದು ಸಿ.ಎ. ಸೈಟಿದೆ. ಕೆಂಪುಮಣ್ಣು, ಅಲ್ಲಲ್ಲಿ ಜಲ್ಲಿ, ಒಂದು ಮೂಲೆಯಲ್ಲಿ ಯಾರೋ ತಂದು ಸುರಿದ ಕಟ್ಟಡದ ಕಸ. ಭಾನುವಾರ ಬೆಳಿಗ್ಗೆ ಅದರ ಮುಕ್ಕಾಲು ಪಾಲು ಟೆನಿಸ್ ಬಾಲ್ ಕ್ರಿಕೆಟ್ಟಿನವರದು. ಉಳಿದ ಕಾಲು ಪಾಲು ನಮ್ಮದು. ಅವರ ಚೆಂಡು ನಮ್ಮ ಗೋಲಿಗೆ ಬರುವುದು, ನಮ್ಮ ಚೆಂಡು ಅವರ ಪಿಚ್ಚಿಗೆ ಹೋಗುವುದು, ಎರಡಕ್ಕೂ ಬೈಗುಳ ಇದ್ದದ್ದೇ.

ಬೆಂಗಳೂರಿನ ಫುಟ್‌ಬಾಲ್ ಬೆಳೆದದ್ದು ಊರಿನ ಆ ತುದಿಯಲ್ಲಿ, ಪೂರ್ವದಲ್ಲಿ. ಹಲಸೂರು, ಆಸ್ಟಿನ್ ಟೌನ್, ಪೆಲೆಯ ಪ್ರತಿಮೆ ಇಟ್ಟುಕೊಂಡಿರುವ ಗೌತಮಪುರ. ದಂಡಿನ ಸೋಲ್ಜರುಗಳ ಜೊತೆ ಆಡಿ ಆಡಿ ಕಲಿತ ಆಟ ಅದು. 1937ರಲ್ಲೂ 1938ರಲ್ಲೂ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದು ಬಂದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. 1977ರಲ್ಲಿ ಫೆಡರೇಷನ್ ಕಪ್ ಅಂತ ಶುರುವಾದಾಗ ಮೊದಲ ವರ್ಷವೇ ಮೋಹನ್ ಬಗಾನನ್ನು ಸೋಲಿಸಿ ಅದನ್ನು ಎತ್ತಿಕೊಂಡು ಬಂದದ್ದು ನಮ್ಮ ಐಟಿಐ ಕಾರ್ಖಾನೆಯ ತಂಡ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತ 2–1ರಿಂದ ಸೋತ ಪಂದ್ಯ ಇದೆಯಲ್ಲ, ಅದರಲ್ಲಿ ನಮ್ಮ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು, ಗೋಲು ಕಾದ ಕೆ.ವಿ. ವರದರಾಜ್ ಕೂಡ ಬೆಂಗಳೂರಿನವರು. ಆ ಪಂದ್ಯದ ಬಗ್ಗೆ ಮಾತಾಡುವವರೆಲ್ಲ ಬರಿಗಾಲಲ್ಲಿ ಆಡಿದ್ದನ್ನು ಹೇಳುತ್ತಾರೆ, ಕೈತಪ್ಪಿದ ಎರಡು ಪೆನಾಲ್ಟಿ ಹೇಳುತ್ತಾರೆ, ರಾಮನ್ ಗೋಲನ್ನು ಹೇಳುತ್ತಾರೆ. ವರದರಾಜ್ ಎಷ್ಟು ಚೆಂಡು ತಡೆದರು ಅಂತ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಇರಲಿ. ನಮ್ಮ ಪಶ್ಚಿಮದ ಕಡೆಗೆ, ಅಂದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ದಾಟಿ ಈಚೆಗೆ, ಆ ಗಾಳಿ ಬೀಸಲಿಲ್ಲ. ಇಲ್ಲಿ ಕ್ರಿಕೆಟ್ಟು, ಕಬಡ್ಡಿ, ಖೋ-ಖೋ. ಕಬಡ್ಡಿ ಮಾತು ಮುಂದೆ ಬರುತ್ತದೆ.

2022ರ ಡಿಸೆಂಬರಿನಲ್ಲಿ ಅರ್ಜೆಂಟೀನಾ ವಿಶ್ವಕಪ್ ಗೆದ್ದ ಮೇಲೆ ಒಂದು ವಿಚಿತ್ರ ಆಯಿತು. ನಮ್ಮ ಬೀದಿಯ ಮಕ್ಕಳಲ್ಲಿ ಇಬ್ಬರು ಮೂವರಿಗೆ ತಾವಾಗಿಯೇ ಕೀಪರ್ ಆಗಬೇಕು ಅನ್ನಿಸಿತು. ಅರ್ಜೆಂಟೀನಾದ ಕೀಪರ್ ಎಮಿಲಿಯಾನೊ ಮಾರ್ಟಿನೆಜ್‌ನ ಕುಣಿತ ಅವರಿಗೆ ಬಾಯಿಪಾಠ. ನಾನು ಕಾಲೇಜು ದಿನಗಳಲ್ಲಿ ಕೀಪರ್ ಆಗಿದ್ದೆ ಅಂತ ಯಾರೋ ಅವರಿಗೆ ಹೇಳಿದರು. ನಿಜ ಹೇಳಬೇಕೆಂದರೆ ನಾನು ಎರಡನೇ ಕೀಪರ್, ಬಹುಪಾಲು ಬೆಂಚು ಕಾಯಿಸಿದವನು. ಆದರೆ ಒಂದು ಪಂದ್ಯದಲ್ಲಿ ಬಲಗಡೆಯ ಮೇಲ್ಮೂಲೆಗೆ ಹಾರಿ ಚೆಂಡನ್ನು ಬೆರಳ ತುದಿಯಲ್ಲಿ ಆಚೆ ತಳ್ಳಿದ್ದೆ. ಅದಾಗಿ ಎಷ್ಟೋ ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಅದನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ಹಾರಿದ್ದೇನೆ. ಅದೇ ಪಂದ್ಯದಲ್ಲಿ ಕಾಲ ಸಂದಿನಿಂದ ನುಸುಳಿದ ಎರಡು ಸಾಧಾರಣ ಚೆಂಡುಗಳನ್ನು ಮರೆತುಬಿಟ್ಟಿದ್ದೆ. ನಾನು ಮಕ್ಕಳಿಗೆ ಕಲಿಸಹೊರಟದ್ದು ಆ ಹಾರುವಿಕೆಯನ್ನು.

ಕಲಿಯಲು ಬಂದವರಲ್ಲಿ ಒಬ್ಬ ಹುಡುಗನಿದ್ದ, ಹೆಸರು ಇಲ್ಲಿ ಬೇಡ. ಹತ್ತು ವರ್ಷದವನು, ಸುಂಕದಕಟ್ಟೆ ಕಡೆಯಿಂದ ನಡೆದು ಬರುತ್ತಿದ್ದ. ತಾಯಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ವಯಸ್ಸಿಗೆ ಮೀರಿದ ಉದ್ದ, ಮಾತು ಕಡಿಮೆ. ಮೊದಲ ದಿನವೇ ‘ನೀನು ಕೀಪರ್ ಕಣೋ’ ಅಂದುಬಿಟ್ಟೆ. ಮುಂದೆ ಎಷ್ಟೋ ಭಾನುವಾರ ಅವನು ಬೇರೆ ಯಾವ ಜಾಗದಲ್ಲೂ ಆಡಲಿಲ್ಲ, ನಾನು ಆಡಿಸಲಿಲ್ಲ. ಅಮೆರಿಕದಲ್ಲಿ ಎಂಟು ವರ್ಷದೊಳಗಿನ ಮಕ್ಕಳ ನಾಲ್ಕು-ನಾಲ್ಕರ ಆಟದಲ್ಲಿ ಕೀಪರೇ ಇರುವುದಿಲ್ಲ, ಎಲ್ಲ ಮಕ್ಕಳೂ ಚೆಂಡು ಒದೆಯಲಿ ಅಂತ ಅಲ್ಲಿನ ಫುಟ್‌ಬಾಲ್ ಮಂಡಳಿಯೇ ಹಾಗೆ ಮಾಡಿದೆ ಅಂತ ಆಮೇಲೆ ಓದಿದೆ. ಅಷ್ಟು ದೂರ ಏಕೆ, ನಮ್ಮ ಬಡಾವಣೆಯಿಂದ ಸ್ವಲ್ಪವೇ ದೂರದ ಜ್ಞಾನಭಾರತಿಯ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿ ಟೋಕಿಯೊ, ಪ್ಯಾರಿಸ್ ಎರಡೂ ಕಡೆ ಒಲಿಂಪಿಕ್ ಕಂಚು ತಂದ ಹಾಕಿ ಕೀಪರ್ ಶ್ರೀಜೇಶ್ ಇದ್ದಾರಲ್ಲ, ಅವರು ಓಟ, ಉದ್ದಜಿಗಿತ, ವಾಲಿಬಾಲ್ ಎಲ್ಲ ಆಡಿ ಆಮೇಲೆ ಗೋಲಿಗೆ ಬಂದವರು. ನನಗೋ ಮೊದಲ ಭಾನುವಾರವೇ ಕೀಪರ್ ಬೇಕಿತ್ತು.

ಡೈವ್ ಮಕ್ಕಳಿಗೆ ಇಷ್ಟ. ಅಪ್ಪಂದಿರಿಗೆ ಇನ್ನೂ ಇಷ್ಟ. ಸೈಟಿನ ಬೇಲಿ ಕಲ್ಲಿನ ಮೇಲೆ ಕೂತು ಮೊಬೈಲ್ ಹಿಡಿದವರು, ಮಗು ನೆಟ್ಟಗೆ ನಿಂತು ಚೆಂಡು ಹಿಡಿದರೆ ವಿಡಿಯೊ ತೆಗೆಯುವುದಿಲ್ಲ. ಹಾರಿ ಬಿದ್ದರೆ, ಚೆಂಡು ಸಿಗಲಿ ಬಿಡಲಿ, ‘ಸೂಪರ್ ಮಗಾ!’ ಪಕ್ಕದ ಬೀದಿಯಲ್ಲಿ ಒಂದು ಮನೆ ಏಳುತ್ತಿತ್ತು, ಎದುರಿಗೆ ಎಂ-ಸ್ಯಾಂಡ್ ರಾಶಿ. ಅಭ್ಯಾಸಕ್ಕೆ ಅದೇ ಗಾದಿ ಅಂದುಕೊಂಡೆ. ಎರಡು ಮೂರು ಭಾನುವಾರ ವಾಚ್‌ಮನ್ ಸುಮ್ಮನಿದ್ದ, ಆಮೇಲೆ ಅಟ್ಟಿದ. ಅವನು ಅಟ್ಟಿದ್ದೇ ಒಳ್ಳೆಯದಾಯಿತು. ಎಂ-ಸ್ಯಾಂಡ್ ಅಂದರೆ ಕಲ್ಲು ಪುಡಿ ಮಾಡಿದ್ದು, ಹೊಳೆ ಮರಳಿನ ಹಾಗೆ ನುಣ್ಣಗಿರುವುದಿಲ್ಲ. ಮಕ್ಕಳ ಮೊಣಕೈಯೆಲ್ಲ ಉಜ್ಜಿಹೋಗಿತ್ತು. ಮತ್ತೆ ಕೆಂಪುಮಣ್ಣಿಗೇ ಬಂದೆವು. ಐದನೇ ನಂಬರಿನ ಚೆಂಡು ನನ್ನದೇ ಹಳೆಯದು, ಅದರಲ್ಲೇ ಒದೆಯುತ್ತಿದ್ದೆ. ದೊಡ್ಡವರ ಆ ಚೆಂಡು 410ರಿಂದ 450 ಗ್ರಾಂ ತೂಗುತ್ತದೆ, ಹತ್ತರ ಪ್ರಾಯದವರಿಗೆ ಇರುವುದು ನಾಲ್ಕನೇ ನಂಬರು, 350ರಿಂದ 390 ಗ್ರಾಂ. ಅರವತ್ತು ಗ್ರಾಂ ಏನು ಮಹಾ ಅನ್ನಬಹುದು. ತಣ್ಣಗಿನ ಬೆಳಿಗ್ಗೆ ಅಂಥ ಚೆಂಡು ಅಂಗೈಗೆ ಬಡಿದ ಹತ್ತು ವರ್ಷದ ಮಗುವನ್ನು ಕೇಳಿ.

‘ಹೆದರಿಕೆ ಬಿಡಿಸಬೇಕು’ ಅಂತ ನಾನು ಜೋರಾಗಿಯೇ ಒದೆಯುತ್ತಿದ್ದೆ. ಹುಡುಗ ಚೆಂಡು ಬರುತ್ತಿದ್ದಂತೆ ಮುಖ ಆ ಕಡೆ ತಿರುಗಿಸುತ್ತಿದ್ದ. ‘ಕಣ್ಣು ಬಿಡೋ, ಚೆಂಡು ನೋಡೋ’ ಅಂತ ಕೂಗುತ್ತಿದ್ದೆ. ಮುಖದ ನೇರಕ್ಕೆ ಬಂದ ಚೆಂಡನ್ನು ಹಿಡಿಯುವ ಕೈ ಹೇಗಿರಬೇಕು ಅಂತ ಮಾತ್ರ ಹೇಳಿಕೊಟ್ಟಿರಲಿಲ್ಲ. ಕೈ ಬಾರದವನು ಮುಖ ತಿರುಗಿಸದೆ ಇನ್ನೇನು ಮಾಡಿಯಾನು? ಹಾರುವಾಗ ಮಾತ್ರ ಅವನು ಹಾಯಾಗಿದ್ದ. ಹಾರಿದರೆ ಮುಖ ಹೇಗೂ ಚೆಂಡಿನ ದಾರಿಯಿಂದ ತಪ್ಪುತ್ತದೆ. ನಾನು ಅದನ್ನೇ ಧೈರ್ಯ ಅಂದುಕೊಂಡೆ.

ಬೇಸಿಗೆ ರಜೆಯಲ್ಲಿ ಹತ್ತಿರದ ಒಂದು ಟರ್ಫಿನಲ್ಲಿ ಮಕ್ಕಳ ಫೈವ್ಸ್ ಟೂರ್ನಮೆಂಟ್. ನಾವೂ ಹೆಸರು ಕೊಟ್ಟೆವು. ಚಿಕ್ಕ ಗೋಲು, ಹಸಿರು ಪ್ಲಾಸ್ಟಿಕ್ ಹುಲ್ಲು, ಸುತ್ತ ಬಲೆ, ಬಲೆಯ ಆಚೆ ತಂದೆತಾಯಂದಿರು. ನಮ್ಮ ಹುಡುಗ ಮೊದಲ ನಿಮಿಷದಿಂದಲೇ ಬೀಳತೊಡಗಿದ. ಗೋಲಿನ ಹೊರಗೆ ಹೋಗುವ ಚೆಂಡಿಗೆ ಬಿದ್ದ. ಕಾಲಬುಡಕ್ಕೆ ಉರುಳಿ ಬಂದ, ಬಗ್ಗಿ ಎತ್ತಿಕೊಳ್ಳಬಹುದಾದ ಚೆಂಡಿಗೆ ಬಿದ್ದ, ಅದು ಅವನ ಹೊಟ್ಟೆಯ ಕೆಳಗಿಂದ ಜಾರಿ ಒಳಗೆ ಹೋಯಿತು. ಅದ್ಭುತವಾದ ಒಂದನ್ನು ತಡೆದ ಅನ್ನುವುದೂ ನಿಜ, ಬಲೆಯ ಆಚೆ ಚಪ್ಪಾಳೆ ಬಿತ್ತು. ಕೊನೆಯ ಗೋಲು ಹೇಗಾಯಿತೆಂದರೆ, ಎದುರು ತಂಡದ ಹುಡುಗ ನೆಟ್ಟಗೆ, ಮೆತ್ತಗೆ, ನಡುವಿಗೇ ಒದ್ದ. ನಮ್ಮವನು ಆಗಲೇ ತನ್ನ ಬಲಕ್ಕೆ ಹಾರಿ ನೆಲದ ಮೇಲಿದ್ದ. ಸುಮ್ಮನೆ ನಿಂತಿದ್ದರೆ ಚೆಂಡು ಅವನ ಎದೆಗೇ ಬಂದು ಕೂರುತ್ತಿತ್ತು.

ಸೋತ ಬೇಜಾರಿನಲ್ಲಿ ಎಲ್ಲರ ಎದುರಿಗೇ ಬೈದೆ. ‘ಯಾಕೋ ಬಿದ್ದೆ? ನಿಂತಿದ್ದಿದ್ರೆ ಕೈಗೇ ಬರ್ತಿತ್ತಲ್ಲೋ!’

ಅವನು ತಲೆ ಎತ್ತದೆ ಗ್ಲೌಸಿನ ಪಟ್ಟಿ ಬಿಚ್ಚುತ್ತಾ ಹೇಳಿದ, ‘ನಿಂತ್ಕೊಂಡ್ರೆ ಬೈತೀರಲ್ಲ ಸರ್.’

ಎದುರುತ್ತರ ಕೊಡುವ ಹುಡುಗ ಅಲ್ಲ. ಇದ್ದದ್ದನ್ನು ಹೇಳಿದ ಅಷ್ಟೆ. ನಾನು ನಿಂತಲ್ಲೇ ಲೆಕ್ಕ ಹಾಕಿದೆ. ಅಷ್ಟು ಭಾನುವಾರಗಳಲ್ಲಿ ಅವನು ನಿಂತು ಗೋಲು ಬಿಟ್ಟಾಗಲೆಲ್ಲ ‘ಕಂಬದ ಥರ ನಿಂತಿದ್ಯಲ್ಲೋ’ ಅಂದಿದ್ದೆ. ಬಿದ್ದು ಗೋಲು ಬಿಟ್ಟಾಗ ‘ಪರವಾಗಿಲ್ಲ, ಒಳ್ಳೆ ಪ್ರಯತ್ನ’ ಅಂದಿದ್ದೆ. ಹುಡುಗ ಬುದ್ಧಿವಂತ. ಯಾವುದಕ್ಕೆ ಬೈಗುಳ, ಯಾವುದಕ್ಕೆ ಇಲ್ಲ ಅನ್ನುವುದನ್ನು ಸರಿಯಾಗಿಯೇ ಕಲಿತಿದ್ದ.

ಇದು ನನ್ನೊಬ್ಬನ ಮಕ್ಕಳ ಕಥೆ ಅಲ್ಲ ಅಂತ ಎಷ್ಟೋ ದಿನದ ಮೇಲೆ ಗೊತ್ತಾಯಿತು. ಇಸ್ರೇಲಿನ ಮೈಕೆಲ್ ಬಾರ್-ಎಲಿ ಮತ್ತು ಅವರ ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ದೊಡ್ಡ ಪಂದ್ಯಗಳ 286 ಪೆನಾಲ್ಟಿಗಳನ್ನು ಒಂದೊಂದಾಗಿ ನೋಡಿ ಬರೆದದ್ದು. ಅವುಗಳಲ್ಲಿ ಶೇಕಡಾ 28.7ರಷ್ಟು ಚೆಂಡುಗಳು ಗೋಲಿನ ನಡುವಿಗೇ ಬಂದಿದ್ದವು. ಕೀಪರುಗಳು ನಡುವೆ ನಿಂತೇ ಇದ್ದದ್ದು ಮಾತ್ರ ಶೇಕಡಾ 6.3. ನಿಂತವರು ಮೂರರಲ್ಲಿ ಒಂದನ್ನು ತಡೆದಿದ್ದರು. ಎಡಕ್ಕೋ ಬಲಕ್ಕೋ ಹಾರಿದವರು ತಡೆದದ್ದು ಏಳೆಂಟರಲ್ಲಿ ಒಂದು. ಸಂಬಳ ತೆಗೆದುಕೊಂಡು ಆಡುವವರೇ ಹೀಗೆ. ಹಾರಿ ಸೋತರೆ ಜನ ಕ್ಷಮಿಸುತ್ತಾರೆ, ನಿಂತು ಸೋತರೆ ‘ಮರದ ಥರ ನಿಂತಿದ್ದ’ ಅನ್ನುತ್ತಾರೆ. ಆ ಕೀಪರುಗಳಿಗೆ ಸ್ಟೇಡಿಯಂ ತುಂಬ ಜನ ಇದ್ದರು. ನಮ್ಮ ಹುಡುಗನಿಗೆ ನಾನೊಬ್ಬನೇ ಸಾಕಾದೆ.

ಇನ್ನೂ ತಮಾಷೆಯೆಂದರೆ ನಮ್ಮ ಮಕ್ಕಳು ಆರಾಧಿಸುತ್ತಿದ್ದ ಮಾರ್ಟಿನೆಜ್, ಆ ವಿಶ್ವಕಪ್ ಫೈನಲಿನ ಕೊನೆಯ ಗಳಿಗೆಯಲ್ಲಿ ಫ್ರಾನ್ಸಿನ ಕೊಲೊ ಮುಆನಿಯ ಹೊಡೆತ ತಡೆದು ಕಪ್ ಉಳಿಸಿದನಲ್ಲ, ಅದು ಡೈವೇ ಅಲ್ಲ. ಗೆರೆ ಬಿಟ್ಟು ಮುಂದೆ ಬಂದು, ಕೈಕಾಲು ಅಗಲಿಸಿ ಮೈಯನ್ನು ದೊಡ್ಡದು ಮಾಡಿ, ಎಡಗಾಲಿಗೆ ಬಡಿಸಿಕೊಂಡ. ನಾನದನ್ನು ಟಿವಿಯಲ್ಲಿ ಎಷ್ಟೋ ಸಲ ನೋಡಿದ್ದೆ. ಅದರಿಂದ ನನ್ನ ತಲೆಗೆ ಹೋದದ್ದು ಬರೀ ಕುಣಿತ.

ಟೂರ್ನಮೆಂಟು ಮುಗಿದ ಮೇಲಿನ ವಾರ ಹುಡುಗನ ತಾಯಿ ಬಂದರು. ಜಗಳಕ್ಕೆ ಬಂದರೇನೋ ಅಂತ ನನಗೆ ಅಳುಕು. ಅವರು ಬಂದದ್ದು ಪ್ಯಾಂಟಿನ ವಿಷಯಕ್ಕೆ.

‘ಆಡ್ಲಿ ಸರ್, ಬೇಡ ಅನ್ನಲ್ಲ. ಆದ್ರೆ ಇದು ನೋಡಿ, ಇದು ಮೂರನೇದು. ಒಂದೇ ಕಡೆ ಹರ್ಕೋತಾನೆ. ನಾನೇ ಹೊಲಿಯೋಳು, ಎಷ್ಟು ಅಂತ ತೇಪೆ ಹಾಕ್ಲಿ?’

ಚೀಲದಿಂದ ತೆಗೆದು ತೋರಿಸಿದರು. ಸ್ಕೂಲಿನ ಪಿ.ಟಿ. ಪ್ಯಾಂಟು. ಬಲಸೊಂಟದ ಹತ್ತಿರ ಬಟ್ಟೆ ಜಾಳಾಗಿ, ಅದರ ಮೇಲೆ ಬೇರೆ ಬಣ್ಣದ ಒಂದು ತುಂಡು ಮಿಷನ್ನಿನಲ್ಲಿ ನೀಟಾಗಿ ಕೂರಿಸಿದ್ದರು. ತೇಪೆಯೂ ಸವೆದಿತ್ತು. ಒಳಮಗ್ಗುಲಲ್ಲಿ ಕಂದು ಕಲೆ. ‘ಗಾಯಕ್ಕೆ ಅಂಟ್ಕೊಂಡಿರುತ್ತೆ ಸರ್, ಬಿಸಿನೀರು ಹಾಕಿ ನೆನೆಸಿ ಬಿಡಿಸ್ಬೇಕು. ಹೇಳೋದೇ ಇಲ್ಲ ಇವನು.’ ಎಡಗಡೆ ಪ್ಯಾಂಟು ಹೊಸದರ ಹಾಗೆಯೇ ಇತ್ತು.

ಅವರಿಗೆ ಅದು ಬಟ್ಟೆಯ ಲೆಕ್ಕ. ನನಗೆ ಅಲ್ಲಿ ಕಂಡದ್ದು ನನ್ನ ಕಾಲು. ನಾನು ಬಲಗಾಲಿನಲ್ಲಿ ಒದೆಯುವವನು. ಬಲಗಾಲಿನವರು ಯೋಚಿಸದೆ ಒದ್ದ ಚೆಂಡು ಮೈಗೆ ಅಡ್ಡಲಾಗಿ ತಮ್ಮ ಎಡಕ್ಕೆ, ಅಂದರೆ ಎದುರು ನಿಂತ ಕೀಪರನ ಬಲಕ್ಕೆ ಹೋಗುತ್ತದೆ. ಪ್ರತಿ ವಾರ ಅದೇ ಜಾಗದಿಂದ, ಅದೇ ಕಾಲಿನಲ್ಲಿ, ಅದೇ ಮೂಲೆಗೆ ಒದ್ದಿದ್ದೆ. ಹುಡುಗ ಗೋಲ್‌ಕೀಪಿಂಗ್ ಕಲಿತಿರಲಿಲ್ಲ, ನನ್ನ ಅಭ್ಯಾಸವನ್ನು ಕಲಿತಿದ್ದ. ಟರ್ಫಿನಲ್ಲಿ ಕೊನೆಯ ಚೆಂಡಿಗೆ ಅವನು ಯಾಕೆ ಬಲಕ್ಕೇ ಹಾರಿದ ಅನ್ನುವುದಕ್ಕೆ ಉತ್ತರ ಆ ತೇಪೆಯಲ್ಲಿತ್ತು. ಗಾಯದ ಮೇಲೆ ಗಾಯ ಮಾಡಿಕೊಂಡು, ನೋವನ್ನು ನನಗೆ ಹೇಳದೆ, ಅದೇ ಕಡೆಗೆ ಬೀಳುತ್ತಲೇ ಇದ್ದ.

ಪ್ಯಾಂಟಿನ ದುಡ್ಡು ಕೊಡಲು ಹೋದೆ. ‘ಅಯ್ಯೋ ಬೇಡ ಸರ್, ಹೇಳೋಣ ಅಂತ ಬಂದೆ ಅಷ್ಟೆ’ ಅಂದು ಹೋದರು. ಹುಡುಗ ಆಮೇಲೆ ಗೋಲಿಗೆ ನಿಲ್ಲಲಿಲ್ಲ. ಎರಡು ಭಾನುವಾರ ಬಂದು ಬ್ಯಾಕ್ ಆಡಿದ. ಮತ್ತೆ ಬರುವುದನ್ನೇ ಬಿಟ್ಟ.

ನಾನು ಮಾಡಿದ ಮೊದಲ ಕೆಲಸ ಒಂದಷ್ಟು ತಿಂಗಳು ಯಾರಿಗೂ ಕೀಪಿಂಗ್ ಹೇಳಿಕೊಡದೆ ಇದ್ದದ್ದು. ಆಮೇಲೆ ಒಂದು ಶಿಬಿರಕ್ಕೆ ಹೋದೆ. ಅಲ್ಲಿ ನಮ್ಮಂಥ ಹೊಟ್ಟೆ ಬಂದವರನ್ನೆಲ್ಲ ನೆಲದ ಮೇಲೆ ಕೂರಿಸಿ, ಕೂತಲ್ಲಿಂದಲೇ ಪಕ್ಕಕ್ಕೆ ಬೀಳಿಸಿದರು. ಹಾರಿ ಬೀಳುವ ಮಾತೇ ಇಲ್ಲ. ಕಾಲು ಚಾಚಿ ಕೂತುಕೊಳ್ಳಿ, ಪಕ್ಕಕ್ಕೆ ಉರುಳಿ ಬಂದ ಚೆಂಡನ್ನು ಎರಡು ಕೈಯಲ್ಲಿ ತೆಗೆದುಕೊಳ್ಳುತ್ತಾ ವಾಲಿ. ಅಷ್ಟೇ. ಅದು ಸರಿಯಾದ ಮೇಲೆ ಮಂಡಿಯೂರಿ. ಅದೂ ಆದ ಮೇಲೆ ಕುಕ್ಕರಗಾಲು. ಅದರ ನಂತರ ನಿಂತಲ್ಲಿಂದ. ಹಾರುವುದು ಕಟ್ಟಕಡೆಗೆ, ಅದೂ ಬೇಕಿದ್ದರೆ. ನಾನು ಮೆಟ್ಟಿಲೆಲ್ಲ ಬಿಟ್ಟು ಮಕ್ಕಳನ್ನು ಟೆರೇಸಿನಿಂದ ಶುರುಮಾಡಿಸಿದ್ದೆ.

ಬೀಳುವುದರಲ್ಲೂ ಒಂದು ಕ್ರಮ ಇದೆ. ನೆಲಕ್ಕೆ ಮೊದಲು ತಾಗಬೇಕಾದ್ದು ಕಣಕಾಲಿನ ಹೊರಮಗ್ಗುಲು, ಆಮೇಲೆ ತೊಡೆ, ಸೊಂಟ, ಪಕ್ಕೆ, ಭುಜ. ಮೈ ಒಂದೊಂದಾಗಿ ನೆಲಕ್ಕೆ ಇಳಿದರೆ ಪೆಟ್ಟು ಹಂಚಿಹೋಗುತ್ತದೆ. ಸೊಂಟ ಒಂದೇ ದೊಪ್ಪನೆ ಬಿದ್ದರೆ ಪ್ಯಾಂಟು ಹರಿಯುತ್ತದೆ. ಮೊಣಕೈ ಕೆಳಗೆ ಸಿಕ್ಕಿದರೆ ಕೈಯೇ ಹೋಗುತ್ತದೆ. ಬೋರಲು ಬೀಳಬಾರದು, ಎದೆ ಚೆಂಡನ್ನು ನೋಡುತ್ತಿರಬೇಕು. ಒಂದು ಕೈ ಚೆಂಡಿನ ಹಿಂದೆ, ಇನ್ನೊಂದು ಮೇಲೆ, ಮೂರನೇ ಕೈ ನೆಲದ್ದು. ಚೆಂಡನ್ನು ನೆಲಕ್ಕೆ ಒತ್ತಿ ಹಿಡಿದರೆ ಅದು ಎಲ್ಲಿಗೂ ಹೋಗುವುದಿಲ್ಲ. ಹಾಗೆ ವಾಲುವಾಗಲೂ ನೇರ ಪಕ್ಕಕ್ಕಲ್ಲ, ಓರೆಯಾಗಿ ಮುಂದಕ್ಕೆ, ಚೆಂಡಿನ ಕಡೆಗೆ.

ಈಗ ಭಾನುವಾರ ಕಿರಾಣಿ ಅಂಗಡಿಯಿಂದ ತಂದ ಗೋಣಿಚೀಲ ಎರಡು ಪದರ ಹಾಸಿ ಮಕ್ಕಳನ್ನು ಕೂರಿಸುತ್ತೇನೆ. ವಿಡಿಯೊ ತೆಗೆಯುವ ಅಪ್ಪಂದಿರಿಗೆ ಬೇಜಾರು. ‘ಸರ್, ಇದು ಯೋಗ ಕ್ಲಾಸಾ?’ ಅಂತ ಒಬ್ಬರು ಕೇಳಿದರು. ಈ ಪಾಠದಲ್ಲಿ ನನಗಿಂತ ಮುಂದೆ ಹೋದವಳು ಸರ್ಕಾರಿ ಶಾಲೆಯಲ್ಲಿ ಕಬಡ್ಡಿ ಆಡುವ ಒಬ್ಬ ಹುಡುಗಿ. ಅವಳಿಗೆ ಬೀಳುವುದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಗಲ್ಲ ಒಳಗೆಳೆದು, ಮಗ್ಗುಲಿಗೆ, ಮೆತ್ತಗೆ ಬೀಳುತ್ತಾಳೆ, ಬಿದ್ದ ಬಿರುಸಿನಲ್ಲೇ ಏಳುತ್ತಾಳೆ. ಪೂರ್ವ ಬೆಂಗಳೂರಿನಲ್ಲಿ ಫುಟ್‌ಬಾಲ್ ಇದ್ದರೆ ನಮ್ಮಲ್ಲಿ ಬೀಳುವ ಆಟ ಮೊದಲಿನಿಂದ ಇತ್ತು, ನಾನೇ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನೆಲದಲ್ಲಿ ಉರುಳಿ ಬರುವ ಚೆಂಡಿಗೆ ಒಂದು ಮಂಡಿ ಊರಿ ಕಾಲನ್ನೇ ಗೋಡೆ ಮಾಡುವುದೂ ಹಾಗೆಯೇ. ಕ್ರಿಕೆಟ್ಟಿನ ಫೀಲ್ಡಿಂಗಿನಲ್ಲಿ ಎಲ್ಲ ಮಕ್ಕಳಿಗೂ ಬರುತ್ತದೆ. ‘ಬೌಂಡರಿ ತಡೆದಂಗೆ ತಡಿ’ ಅಂದರೆ ಸಾಕು, ಮುಂದಿನದು ಅವರೇ ಮಾಡುತ್ತಾರೆ.

ಬೀಳುವುದಕ್ಕೂ ಮೊದಲು ಕೈ. ಎದೆಗಿಂತ ಮೇಲೆ ಬರುವ ಚೆಂಡಿಗೆ ಬೆರಳು ಆಕಾಶಕ್ಕೆ, ಎರಡು ಹೆಬ್ಬೆರಳು ಒಂದಕ್ಕೊಂದು ಹತ್ತಿರ, ಮೊಣಕೈ ಸ್ವಲ್ಪ ಮಡಿಚಿ ಮುಂದೆ. ಕೈ ಮುಖದ ಎದುರಿಗೆ ಬಂದಾಗ ಆ ಬೆರಳುಗಳ ಸಂದಿನಿಂದ ಚೆಂಡು ಕಾಣಬೇಕು. ಹೊಟ್ಟೆಯ ಮಟ್ಟಕ್ಕೆ ಬಂದರೆ ಕಿರುಬೆರಳು ಹತ್ತಿರ, ಅಂಗೈ ಮೇಲ್ಮುಖ, ಚೆಂಡನ್ನು ಎದೆಗೆ ತಂದು ಅಪ್ಪಿಕೊಳ್ಳುವುದು. ಮೊದಮೊದಲು ಕೈಯಿಂದ ಎಸೆಯುತ್ತೇನೆ, ಒದೆಯುವುದಿಲ್ಲ, ಅದೂ ನಾಲ್ಕನೇ ನಂಬರಿನ ಸ್ವಲ್ಪ ಗಾಳಿ ಇಳಿಸಿದ ಚೆಂಡು. ಆಗ ಒಂದು ನಡೆಯುತ್ತದೆ. ಮುಖ ತಿರುಗಿಸುತ್ತಿದ್ದ ಮಗು ನಾಲ್ಕಾರು ಸಲ ಹಿಡಿದ ಮೇಲೆ ಮುಖ ತಿರುಗಿಸುವುದನ್ನು ತಾನಾಗಿ ಬಿಡುತ್ತದೆ. ಕಣ್ಣು ಬಿಡು ಅಂತ ಯಾರೂ ಕೂಗಬೇಕಾಗಿಲ್ಲ. ಇದನ್ನು ಮೊದಲ ಸಲ ಕಂಡ ದಿನ ನನಗೆ ಖುಷಿಗಿಂತ ಹೆಚ್ಚಾಗಿ ಹೊಟ್ಟೆ ಉರಿಯಿತು.

ಕೈ ಆದ ಮೇಲೆ ಕಾಲು, ಅದಕ್ಕೆ ಹಗ್ಗ ಬೇಕು. ಬಟ್ಟೆ ಒಣಗಿಸುವ ನೈಲಾನ್ ಹಗ್ಗದ ಎರಡು ತುದಿಯನ್ನು ಎರಡು ಗೋಲ್‌ಪೋಸ್ಟಿಗೆ ಕಟ್ಟಿ, ಮಧ್ಯವನ್ನು ಚೆಂಡು ಇರುವ ಜಾಗಕ್ಕೆ ಎಳೆದು ಗೂಟಕ್ಕೆ ಸಿಕ್ಕಿಸುವುದು. ಕೀಪರ್ ಆ ಎರಡು ಹಗ್ಗದ ಒಳಗೆ ನಿಲ್ಲಬೇಕು. ಗೋಲ್ ಗೆರೆಯ ಮೇಲೆ ನಿಂತಾಗ ಎಡಗೈ ಚಾಚಿದರೂ ಹಗ್ಗ ಸಿಗುವುದಿಲ್ಲ, ಬಲಗೈ ಚಾಚಿದರೂ ಇಲ್ಲ. ‘ಒಂದು ಹೆಜ್ಜೆ ಮುಂದೆ ಬಾ.’ ಹತ್ತಿರವಾಯಿತು. ‘ಇನ್ನೊಂದು.’ ಎರಡೂ ಕೈಗೆ ಎರಡೂ ಹಗ್ಗ ತಾಗಿತು. ನಮ್ಮಲ್ಲಿ ಒಬ್ಬ ಪುಟ್ಟ ಹುಡುಗ ಹಗ್ಗ ಮುಟ್ಟಿ ನೋಡಿ, ಹಿಂದೆ ತಿರುಗಿ ಗೋಲು ನೋಡಿ, ‘ಸರ್, ಗೋಲು ಚಿಕ್ಕದಾಯ್ತು!’ ಅಂದ. ಹಾರುವುದರ ಮುಕ್ಕಾಲು ಪಾಲು ಅಗತ್ಯವನ್ನು ಆ ಎರಡು ಹೆಜ್ಜೆ ಕಳೆದುಬಿಡುತ್ತದೆ. ದೊಡ್ಡವರ ಗೋಲು 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಅಷ್ಟನ್ನು ಗೆರೆಯ ಮೇಲೆ ನಿಂತು ಕಾಯುತ್ತೇನೆ ಅಂದರೆ ಯಾವ ಮನುಷ್ಯನಿಗೂ ಆಗದ ಮಾತು. ಚೆಂಡು ತುಂಬ ದೂರ ಇದ್ದಾಗ ಮುಂದೆ ಬಂದರೆ ತಲೆಯ ಮೇಲಿಂದ ಎತ್ತಿ ಹಾಕುತ್ತಾರೆ ಅನ್ನುವುದು ಮುಂದಿನ ಪಾಠ. ಅದನ್ನು ಮಕ್ಕಳು ಒಂದೆರಡು ಗೋಲು ಬಿಟ್ಟು ತಾವೇ ಕಲಿಯುತ್ತಾರೆ.

ಹೆಜ್ಜೆ ಹಾಕಿದ ಮೇಲೆ ನಿಲ್ಲಬೇಕು. ಎದುರಿನವನ ಕಾಲು ಚೆಂಡಿಗೆ ತಾಗುವ ಹೊತ್ತಿಗೆ ಕೀಪರನ ಎರಡೂ ಕಾಲು ನೆಲದ ಮೇಲಿರಬೇಕು, ಭುಜದಷ್ಟು ಅಗಲ, ಮಂಡಿ ಸಡಿಲ, ಭಾರ ಮುಂಗಾಲಿನ ಮೇಲೆ, ಕೈ ಸೊಂಟದ ಮಟ್ಟದಲ್ಲಿ. ಓಡುತ್ತಿರುವವನು ಎಡಕ್ಕೂ ಬಲಕ್ಕೂ ಹೊರಳಲಾರ. ನಾನು ಈಗ ಒದೆಯುವಂತೆ ಮಾಡಿ ಒದೆಯದೆ ಬಿಡುತ್ತೇನೆ. ಯಾರು ಕದಲದೆ ನಿಂತರೋ ಅವರಿಗೆ ‘ಭೇಷ್’. ಹಾರಿದವರಿಗೆ ಬೈಗುಳ ಇಲ್ಲ, ಭೇಷ್ ಕೂಡ ಇಲ್ಲ. ಎಡಗಾಲಿನಲ್ಲೂ ಒದೆಯಲು ಕಲಿಯುತ್ತಿದ್ದೇನೆ, ನನ್ನ ಎಡಗಾಲಿನ ಚೆಂಡು ಮೂರರಲ್ಲಿ ಎರಡು ಸಲ ಕ್ರಿಕೆಟ್ಟಿನವರ ಸ್ಲಿಪ್ಪಿಗೆ ಹೋಗುತ್ತದೆ.

ಹನ್ನೆರಡು ದಾಟುವವರೆಗೆ ಯಾರೂ ಖಾಯಂ ಕೀಪರ್ ಅಲ್ಲ ಅಂತ ನಿಯಮ ಮಾಡಿದ್ದೇನೆ. ಸರದಿ ಪ್ರಕಾರ ಎಲ್ಲರೂ ಗೋಲಿಗೆ, ಎಲ್ಲರೂ ಹೊರಗೆ. ಇದಕ್ಕೆ ಮಕ್ಕಳಿಗಿಂತ ಮನೆಯವರ ತಕರಾರು ಜಾಸ್ತಿ. ‘ನಮ್ಮವನು ಸ್ಟ್ರೈಕರ್ ಸರ್, ಅವನ್ನ ಯಾಕೆ ಗೋಲಿಗೆ ಹಾಕ್ತೀರಿ?’ ಗೋಲಿಗೆ ಹಾಕುವುದು ಅಂದರೆ ಅವರ ಮನಸ್ಸಿನಲ್ಲಿ ಇನ್ನೂ ಶಿಕ್ಷೆಯೇ. ಗ್ಲೌಸಿನದೂ ಒಂದು ರಾಮಾಯಣ. ಆನ್‌ಲೈನಿನಲ್ಲಿ ತರಿಸಿದ ಲ್ಯಾಟೆಕ್ಸಿನ ಅಂಗೈ ನಮ್ಮ ಜಲ್ಲಿ ನೆಲದಲ್ಲಿ ಒಂದು ಸೀಸನ್ ಬಾಳುವುದಿಲ್ಲ. ಸ್ವಲ್ಪ ಒದ್ದೆ ಮಾಡಿ ಹಾಕಿಕೊಂಡರೆ ಚೆಂಡು ಅಂಟುತ್ತದೆ, ಆದರೆ ಒದ್ದೆಯನ್ನು ಹಾಗೇ ಚೀಲಕ್ಕೆ ತುರುಕಿದರೆ ನಾತ, ಬಿಸಿಲಿಗೆ ಹಾಕಿದರೆ ಒಣಗಿ ಬಿರುಕು. ನೆರಳಲ್ಲಿ ಒಣಗಿಸಿ ಅಂತ ತಾಯಂದಿರ ವಾಟ್ಸಾಪ್ ಗುಂಪಿಗೆ ಹಾಕಿದೆ, ಹಪ್ಪಳಕ್ಕೆ ಹೇಳ್ತೀರೇನೋ ಅಂದ್ಕೊಂಡೆ ಅಂತ ಒಬ್ಬರು ಬರೆದರು.

ಆ ಹುಡುಗನನ್ನು ಈಚೆಗೆ ನಾಗರಬಾವಿಯ ಸಿಗ್ನಲಿನ ಹತ್ತಿರ ಕಂಡೆ. ಎತ್ತರ ಇನ್ನೂ ಬೆಳೆದಿದ್ದಾನೆ, ಮೀಸೆ ಮೂಡುತ್ತಿದೆ. ಶಾಲೆಯ ತಂಡದಲ್ಲಿ ಬ್ಯಾಕ್ ಆಡುತ್ತಾನಂತೆ. ನಾನು ಹೇಳಬೇಕಾದ್ದನ್ನು ಅಲ್ಲೇ, ಬಸ್ಸುಗಳ ಹಾರನ್ನಿನ ನಡುವೆ ಹೇಳಿದೆ. ಅವತ್ತು ತಪ್ಪು ನಿನ್ನದಲ್ಲ ಕಣೋ, ನಾನು ಹೇಳಿಕೊಟ್ಟದ್ದೇ ಸರಿ ಇರಲಿಲ್ಲ ಅಂದೆ. ಅವನಿಗೆ ಯಾವ ದಿನ ಅನ್ನುವುದೇ ತಕ್ಷಣ ನೆನಪಾಗಲಿಲ್ಲ, ಅಥವಾ ನೆನಪಾಗದವನ ಹಾಗೆ ಇದ್ದ. ‘ಪರ್ವಾಗಿಲ್ಲ ಬಿಡಿ ಸರ್’ ಅಂದ. ಭಾನುವಾರ ಒಂದು ಸಲ ಬಾ, ಈಗ ಬೇರೆ ಥರ ಹೇಳಿಕೊಡ್ತೀನಿ, ಚಿಕ್ಕವರಿಗೆ ನೀನೇ ಚೆಂಡು ಹಾಕುವೆಯಂತೆ ಅಂದೆ.

‘ಭಾನುವಾರ ಟ್ಯೂಷನ್ ಇದೆ ಸರ್’ ಅಂದು, ಸಿಗ್ನಲ್ ಬಿಟ್ಟಿತು ಅಂತ ರಸ್ತೆ ದಾಟಿ ಹೋದ.